ಮನೆಯಲ್ಲೊಂದು ಹೋಮಿಯೋಪತಿ ಪೆಟ್ಟಿಗೆ

ನಮ್ಮ ಕಡೆಯ ಕನ್ನಡ ಮನೆಗಳಿಗೆ ಬಿಳಿ ಗುಳಿಗೆಗಳ ಪುಟ್ಟ ಪೆಟ್ಟಿಗೆ ಹೊಸತೇನಲ್ಲ. ಜರ್ಮನಿಯ ಹಾನಿಮನ್ 1796ರಲ್ಲಿ ಮುಂದಿಟ್ಟ ಈ ಪದ್ಧತಿ ಕರಾವಳಿಯಲ್ಲಿ ಬೇರೂರಿದ್ದರಲ್ಲಿ ಕಂಕನಾಡಿಯ ಪಾಲು ದೊಡ್ಡದು. 1880ರಲ್ಲಿ ಪಾದ್ರಿ ಅಗಸ್ಟಸ್ ಮುಲ್ಲರ್ ಅಲ್ಲಿ ಆಲದ ಮರದಡಿ ಔಷಧಿ ಹಂಚತೊಡಗಿದಾಗ ಕಾಸರಗೋಡು ಕೂಡ ದಕ್ಷಿಣ ಕನ್ನಡಕ್ಕೇ ಸೇರಿತ್ತು.

ಇನ್ನೊಂದು ನಂಟೂ ಉಂಟು. ಪೆಟ್ಟಿಗೆಯಲ್ಲಿ ಅಜೀರ್ಣಕ್ಕೆಂದು ಇಡುವ 'ನಕ್ಸ್ ವಾಮಿಕಾ' ಎಂದರೆ ನಮ್ಮ ಕಾಸರಕವೇ! ಊರಿನ ಹೆಸರೇ ಈ ಮರದಿಂದ ಬಂತೆನ್ನುವವರಿದ್ದಾರೆ. ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ಹಾಗಾದರೆ ಗುಳಿಗೆ ನುಂಗಿದವರಿಗೆ ಏನೂ ಆಗುವುದಿಲ್ಲವೇಕೆ? ಒಂದು ಪಾಲು ಅರ್ಕಕ್ಕೆ 99 ಪಾಲು ಮದ್ಯಸಾರ, ಅದರ ಒಂದು ಪಾಲಿಗೆ ಮತ್ತೆ 99. ಹೀಗೆ 30 ಸಲ ಮಾಡಿದರೆ ಶೀಶೆಯ ಮೇಲಿನ '30'. 12 ಸಲ ದಾಟುವಾಗಲೇ ಮೂಲ ವಸ್ತುವಿನ ಒಂದು ಅಣು ಉಳಿದಿರುವುದೂ ಸಂಶಯ. ಹೈಸ್ಕೂಲಿನ ರಸಾಯನಶಾಸ್ತ್ರ ಬಲ್ಲ ಮಕ್ಕಳೂ ಈ ಲೆಕ್ಕ ಮಾಡಿಯಾರು. ಈ ಚಿಕಿತ್ಸೆ ಯಾವ ಕಾಯಿಲೆಗೂ ಗುಣ ಕೊಡುತ್ತದೆಂಬುದಕ್ಕೆ ನಂಬಲರ್ಹ ಆಧಾರವಿಲ್ಲವೆಂದು ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಹೇಳಿತು. ಹಾಗೆಂದು ಅಜ್ಜಿಯಂದಿರ ಪೆಟ್ಟಿಗೆಯನ್ನು ಎಸೆಯಬೇಕೆಂದು ನಾವು ಹೇಳುವುದಿಲ್ಲ. ನೆಗಡಿ, ಸಣ್ಣ ತರಚು, ಉಳುಕು ಇವೆಲ್ಲ ತಾವಾಗಿ ಇಳಿಯುವಂಥವು. ಕಾಯುವಾಗ ನಾಲ್ಕು ಸಿಹಿ ಗುಳಿಗೆ ಬಾಯಿಗೆ ಬಿದ್ದರೆ ಮಗುವಿನ ಅಳುವಾದರೂ ನಿಂತೀತು.

ಆದರೆ ಎಲ್ಲ ಶೀಶೆಯೂ ಒಂದೇ ಅಲ್ಲ. ತೆಳುಗೊಳಿಸದ ಮೂಲ ಅರ್ಕದಲ್ಲಿ ವಿಷವೂ ಇರುತ್ತದೆ, ಮದ್ಯಸಾರವೂ ಇರುತ್ತದೆ. ಅದನ್ನು ಮಕ್ಕಳ ಕೈಗೆಟುಕದಲ್ಲಿ ಇಡಬೇಕು, ಮನೆಮದ್ದಾಗಿ ಬಳಸಲೇಬಾರದು. ಚೀಟಿಯ ಮೇಲಿನ ಮಲಯಾಳ ನಮ್ಮ ಹಿರಿಯರಲ್ಲಿ ಹಲವರಿಗೆ ಓದಲು ಬಾರದು. ಔಷಧಾಲಯದವರನ್ನು ಕೇಳಿ ಹೆಸರು, ಯಾರಿಗೆ, ಯಾವ ದಿನಾಂಕದವರೆಗೆ ಎಂಬುದನ್ನು ಕನ್ನಡದಲ್ಲಿ ಬರೆದು ಶೀಶೆಗೆ ಅಂಟಿಸಬೇಕು. ಕೇಳಲು ಸಂಕೋಚವೇಕೆ?

ಗುಳಿಗೆ ಕೊಟ್ಟು ಕಾಯಬಾರದ ಸಂದರ್ಭಗಳೂ ಇವೆ. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ರೋಗ ಕಾಣಿಸಿಕೊಂಡ ಮೇಲೆ ಬದುಕಿದವರು ಅತಿ ವಿರಳ. ಮಳೆಗಾಲದಲ್ಲಿ ತೋಟದ ಕೆಸರಿನಲ್ಲಿ ದುಡಿದವರಿಗೆ ಜ್ವರ, ಮೈಕೈ ನೋವು ಬಂದರೆ ಇಲಿಜ್ವರ ಇರಬಹುದು, ರಕ್ತ ಪರೀಕ್ಷೆಯಾಗಲಿ. ಹಾವಿನ ಕಡಿತ, ಎದೆನೋವು, ಫಿಟ್ಸ್, ಏದುಸಿರು ಇವುಗಳಿಗೆ ಪೆಟ್ಟಿಗೆ ತೆರೆಯುವುದೇ ಬೇಡ.

ಭೇದಿಗೆ ಮಾತ್ರ ಮನೆಯಲ್ಲೇ ನಿಜವಾದ ಮದ್ದುಂಟು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಬೇಕು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿದದ್ದು ನಿಲ್ಲದಿದ್ದರೆ ಕೂಡಲೇ ವೈದ್ಯರಲ್ಲಿಗೆ. ಅಂಗಡಿಯ ಓ.ಆರ್.ಎಸ್. ಪೊಟ್ಟಣವಾದರೆ ಇನ್ನೂ ಒಳ್ಳೆಯದು. ಕೆಲವು ಒಂದು ಲೀಟರಿಗೆ, ಕೆಲವು 200 ಮಿಲಿಲೀಟರಿಗೆ ಇರುತ್ತವೆ. ಅಳತೆ ತಪ್ಪಿದರೆ ಮಗುವಿಗೆ ಕೇಡು. ಆದ್ದರಿಂದ ಕೊಂಡ ದಿನವೇ, ಮಲಯಾಳ ಓದಬಲ್ಲ ಶಾಲೆಯ ಮಕ್ಕಳಿಂದಾದರೂ ಓದಿಸಿಕೊಂಡು, ಆ ಅಂಕಿಯನ್ನು ಪೊಟ್ಟಣದ ಮೇಲೆ ದಪ್ಪಗೆ ಬರೆದಿಡಿ.