ಓಟಕ್ಕೂ ಊಟ ಬೇಕು

ಕಳೆದ ವರ್ಷ ಪ್ರಥಮ ಪಿಯುಸಿಗೆ ಸೇರಿದ ಹೊಸದರಲ್ಲಿ ನಮ್ಮ ಕಾಲೇಜಿನಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಎತ್ತರ 158 ಸೆಂ.ಮೀ., ತೂಕ 68 ಕೆ.ಜಿ. ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿಯನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡೆ, ಯಾರಿಗೂ ತೋರಿಸಲಿಲ್ಲ. ಅದೇ ವಾರ ಪಿ.ಇ. ಮೇಡಂ ನಮ್ಮನ್ನು 400 ಮೀಟರ್ ಓಡಿಸಿದರು. ನನಗೆ 2 ನಿಮಿಷ 31 ಸೆಕೆಂಡು ಬೇಕಾಯಿತು. ಕೊನೆಯ 100 ಮೀಟರನ್ನು ನಾನು ಓಡಲೇ ಇಲ್ಲ, ನಡೆದೆ.

ಇದು ನನಗೆ ಸಣ್ಣ ವಿಷಯವಾಗಿರಲಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂಬುದು ನನ್ನ ಆಸೆ. ನಮ್ಮ ರಾಜ್ಯದಲ್ಲಿ ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಪಾಸಾಗಿರಬೇಕು, 19 ವರ್ಷ ತುಂಬಿರಬೇಕು. ಲಿಖಿತ ಪರೀಕ್ಷೆಯ ಜೊತೆಗೆ ದೈಹಿಕ ಪರೀಕ್ಷೆಯೂ ಇದೆ. ಅದರಲ್ಲಿ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಹುಡುಗಿಯರು 400 ಮೀಟರನ್ನು 2 ನಿಮಿಷದಲ್ಲಿ ಓಡಿ ಮುಗಿಸಬೇಕು. ನನಗೂ ಆ ಕೆಲಸಕ್ಕೂ ನಡುವೆ 31 ಸೆಕೆಂಡು ಇತ್ತು.

ತೂಕ ಇಳಿದರೆ ವೇಗ ತಾನಾಗಿ ಬರುತ್ತದೆ ಎಂದುಕೊಂಡೆ. ನಮ್ಮ ಮನೆ ಹರಿಹರದಲ್ಲಿ. ಫಜರ್ ನಮಾಜ್ ಆದ ಮೇಲೆ ಅಬ್ಬಾ ತಮ್ಮ ಆಟೋದಲ್ಲೇ ನನ್ನನ್ನು ಗಾಂಧಿ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಓಡುತ್ತಿದ್ದೆ. ಮನೆಗೆ ಬಂದು ಬರೀ ಚಹಾ ಕುಡಿದು ದಾವಣಗೆರೆ ಬಸ್ ಹತ್ತುತ್ತಿದ್ದೆ. ಅಮ್ಮಿ ಕಟ್ಟಿಕೊಟ್ಟ ಡಬ್ಬಿಯನ್ನು ಗೆಳತಿಯರಿಗೆ ಕೊಟ್ಟು ಮಧ್ಯಾಹ್ನ ಒಂದು ಹಿಡಿ ಮಂಡಕ್ಕಿ ತಿನ್ನುತ್ತಿದ್ದೆ. ಮಂಡಕ್ಕಿ ಹಗುರ, ಹಾಗಾಗಿ ತಿಂದವರೂ ಹಗುರವಾಗುತ್ತಾರೆ ಎಂಬುದು ನನ್ನ ಲೆಕ್ಕ!

ಮೂರು ವಾರಕ್ಕೆ 4 ಕೆ.ಜಿ. ಇಳಿಯಿತು, ಓಟ 2 ನಿಮಿಷ 20 ಸೆಕೆಂಡಿಗೆ ಬಂತು. ಆದರೆ ಆಗಸ್ಟ್ ಮುಗಿಯುವಷ್ಟರಲ್ಲಿ ತೂಕ ಅಲ್ಲೇ ನಿಂತಿತು, ಓಟ 2 ನಿಮಿಷ 34 ಸೆಕೆಂಡಿಗೆ ಹೋಯಿತು. ಶುರು ಮಾಡಿದ್ದಕ್ಕಿಂತ ಹಿಂದೆ! ಕೂದಲು ಉದುರತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು. ಬರೆಯಲು ಸಂಕೋಚವಿದೆ, ಆದರೂ ಇನ್ನೊಬ್ಬಳಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ: ಎರಡು ತಿಂಗಳು ಮುಟ್ಟಾಗಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ ಬಸ್ಸು ಬಾತಿ ದಾಟುವಾಗ ಕಣ್ಣು ಕತ್ತಲಾಗಿ ಪಕ್ಕದಲ್ಲಿ ನಿಂತಿದ್ದ ಅಜ್ಜಿಯ ಮೇಲೆ ಬಿದ್ದೆ. ಮರುದಿನ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 9.4 ಇತ್ತು. ನನ್ನ ವಯಸ್ಸಿನ ಹುಡುಗಿಯರಲ್ಲಿ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ.

ವೈದ್ಯೆ ನನ್ನನ್ನು ಬೈಯಲಿಲ್ಲ. ಏನೇನು ತಿನ್ನುತ್ತೀಯ ಎಂದು ಕೇಳಿ ಬರೆದುಕೊಂಡರು. ಅಬ್ಬಾ ಮಾತ್ರ ಹೊರಗೆ ಬಂದ ಮೇಲೆ, “ಗ್ಯಾಸ್ ಖಾಲಿ ಇಟ್ಟುಕೊಂಡು ಆಟೋ ತಳ್ತಾ ಇದ್ದೀಯಲ್ಲ ಬೇಟಾ” ಎಂದರು. ಆ ದಿನದಿಂದ ನಾನು ವೈದ್ಯರಿಂದ, ಜೀವಶಾಸ್ತ್ರದ ಮೇಡಂ ಅವರಿಂದ, ಪಿ.ಇ. ಮೇಡಂ ಅವರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಇಳಿದ ತೂಕ ಯಾವುದು?

ನಾವು ತಿಂದ ಅನ್ನ, ರೊಟ್ಟಿಯ ಒಂದು ಭಾಗವನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಕೂಡಿಡುತ್ತದೆ. ವೇಗವಾಗಿ ಓಡುವಾಗ ಮುಖ್ಯವಾಗಿ ಖರ್ಚಾಗುವುದು ಇದೇ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಊಟ ಬಿಟ್ಟ ಮೊದಲ ದಿನಗಳಲ್ಲಿ ಈ ಸಂಗ್ರಹ ಬರಿದಾಗಿ, ಅದರ ಜೊತೆಗಿದ್ದ ನೀರೂ ಹೋಗುತ್ತದೆ. ತೂಕದ ಯಂತ್ರದ ಮುಳ್ಳು ಸರ್ರನೆ ಇಳಿಯುತ್ತದೆ, ನಮಗೆ ಖುಷಿ. ಆದರೆ ನನ್ನ 4 ಕೆ.ಜಿ.ಯಲ್ಲಿ ಒಂದು ಪಾಲು ನೀರು, ಒಂದಿಷ್ಟು ಸ್ನಾಯು. ಎಲ್ಲವೂ ಕೊಬ್ಬಲ್ಲ.

ಕೊಬ್ಬಿನ ಲೆಕ್ಕವೇ ಬೇರೆ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ಓಡುವಾಗ ಪ್ರತಿ ಕಿಲೋಮೀಟರಿಗೆ, ನಮ್ಮ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಖರ್ಚಾಗುತ್ತದೆ. 68 ಕೆ.ಜಿ. ಇರುವವಳು ಹರಿಹರದಿಂದ ದಾವಣಗೆರೆವರೆಗೆ, ಅಂದರೆ ಸುಮಾರು 14 ಕಿ.ಮೀ. ಓಡಿದರೆ 950 ಕ್ಯಾಲೊರಿ. ಒಂದು ಕೆ.ಜಿ. ಕೊಬ್ಬು ಕರಗಿಸಲು ಹಾಗೆ ಎಂಟು ಸಲ ಓಡಬೇಕು! ನಾನು ಮೈದಾನದಲ್ಲಿ ಓಡುತ್ತಿದ್ದದ್ದು ದಿನಕ್ಕೆ ಎರಡು ಕಿಲೋಮೀಟರ್. ಇನ್ನೊಂದು ಕಡೆಯಿಂದ ನೋಡಿ: ನಮ್ಮೂರ ಬೆಣ್ಣೆ ದೋಸೆಯ ಮೇಲೆ ಎರಡು ದೊಡ್ಡ ಚಮಚ, ಅಂದರೆ 30 ಗ್ರಾಂ ಬೆಣ್ಣೆ ಬಿದ್ದರೆ ಆ ಬೆಣ್ಣೆಯೊಂದರದೇ 200 ಕ್ಯಾಲೊರಿಗಿಂತ ಹೆಚ್ಚು, ಮೂರು ಕಿಲೋಮೀಟರ್ ಓಟಕ್ಕೆ ಸಮ.

ಇದರಿಂದ ನನಗೆ ಎರಡು ಮಾತು ಅರ್ಥವಾದವು. ಓಡುವುದರಿಂದಲೇ ಬೇಗ ತೂಕ ಇಳಿಯುವುದಿಲ್ಲ. ಊಟವನ್ನೇ ಬಿಟ್ಟರೆ ಓಟ ನಿಲ್ಲುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಎಷ್ಟು ಬಿಡಲಿ’ ಎಂದಲ್ಲ, ‘ಯಾವುದನ್ನು ಬಿಡಲಿ’ ಎಂದು. ಓಟಕ್ಕೆ ಬಲ ಕೊಡುವ ಊಟವನ್ನು ಮುಟ್ಟಬಾರದು, ಬಲ ಕೊಡದೆ ಕ್ಯಾಲೊರಿ ಮಾತ್ರ ಕೊಡುವುದನ್ನು ಕಡಿಮೆ ಮಾಡಬೇಕು.

ಇದು ನನ್ನೊಬ್ಬಳ ತಪ್ಪಲ್ಲ

ಅಮೆರಿಕದ ಮೇರಿ ಕೇನ್ 2013ರಲ್ಲಿ, ತಮ್ಮ 17ನೇ ವಯಸ್ಸಿನಲ್ಲಿ, ಮಾಸ್ಕೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1500 ಮೀಟರ್ ಓಟದ ಫೈನಲ್ ತಲುಪಿದ್ದರು. ಆಮೇಲೆ ಅವರ ಓಟ ಕುಸಿಯಿತು. ತೂಕ ಇಳಿಸಬೇಕೆಂಬ ಒತ್ತಡದಲ್ಲಿ ತಮಗೆ ಮೂರು ವರ್ಷ ಮುಟ್ಟು ನಿಂತಿತ್ತು, ಐದು ಮೂಳೆಗಳು ಮುರಿದವು ಎಂದು 2019ರಲ್ಲಿ ಅವರೇ ಬಹಿರಂಗವಾಗಿ ಹೇಳಿದರು. ದೇಹಕ್ಕೆ ಬೇಕಾದಷ್ಟು ಆಹಾರ ಸಿಗದೆ ವ್ಯಾಯಾಮ ಮಾತ್ರ ಹೆಚ್ಚಾದಾಗ ಹಾರ್ಮೋನು, ಮೂಳೆ, ರಕ್ತ, ಮನಸ್ಸು ಎಲ್ಲದಕ್ಕೂ ಪೆಟ್ಟು ಬೀಳುತ್ತದೆ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಎಚ್ಚರಿಸಿತ್ತು. ಹುಡುಗರಿಗೂ ಇದು ಆಗುತ್ತದೆ. ಮುಟ್ಟು ನಿಲ್ಲುವುದು ‘ಓಡುವವರಿಗೆ ಮಾಮೂಲಿ’ ಅಲ್ಲ. ಅದು ದೇಹ ಕೊಡುವ ಎಚ್ಚರಿಕೆ. ಹಾಗಾದರೆ ಅಮ್ಮನಿಗೆ ಹೇಳಿ, ವೈದ್ಯರ ಬಳಿ ಹೋಗಿ.

ರಕ್ತಹೀನತೆಗೂ ಓಟಕ್ಕೂ ನೇರ ಸಂಬಂಧವಿದೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಕಾಲಿನ ಸ್ನಾಯುಗಳಿಗೆ ಮುಟ್ಟಿಸುವುದು ಹಿಮೋಗ್ಲೋಬಿನ್. ಅದನ್ನು ಕಟ್ಟಲು ಕಬ್ಬಿಣಾಂಶ ಬೇಕು. ಹೊರುವವರೇ ಕಡಿಮೆಯಾದರೆ ಎಷ್ಟು ಉಸಿರೆಳೆದರೂ ಕಾಲಿಗೆ ಸಾಲುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀಲಿ ಮಾತ್ರೆ ಇದಕ್ಕೇ. ನಾನು ಅದನ್ನು ಎಷ್ಟೋ ಸಲ ಕಿಟಕಿಯಿಂದ ಆಚೆ ಎಸೆದಿದ್ದೇನೆ. ಈ ಸಲ ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದೆ ನುಂಗಿದೆ.

ಈಗ ನನ್ನ ತಟ್ಟೆಯಲ್ಲಿ

ಓಡುವ ಮೊದಲು ಒಂದು ಬಾಳೆಹಣ್ಣು ಅಥವಾ ಎರಡು ಖರ್ಜೂರ. ಓಡಿ ಬಂದ ಒಂದು ಗಂಟೆಯೊಳಗೆ ಸರಿಯಾದ ನಾಷ್ಟಾ: ರೊಟ್ಟಿ, ಶೇಂಗಾ ಚಟ್ನಿ, ಒಂದು ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದೆ. ಓಟದಲ್ಲಿ ದಣಿದ ಸ್ನಾಯು ರಿಪೇರಿಯಾಗುವುದು ಇದರಿಂದ. ಪ್ರೋಟೀನ್ ಪೌಡರ್ ಡಬ್ಬಿ ಬೇಕಿಲ್ಲ.

ಚಹಾ ನಾಷ್ಟಾದ ಜೊತೆ ಇಲ್ಲ, ಒಂದು ಗಂಟೆ ಬಿಟ್ಟು. ಚಹಾದಲ್ಲಿರುವ ಟ್ಯಾನಿನ್ ಊಟದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಅದಕ್ಕೆ ವಿರುದ್ಧವಾಗಿ ನಿಂಬೆ, ಸೀಬೆ, ನೆಲ್ಲಿಯಲ್ಲಿರುವ ಸಿ ಜೀವಸತ್ವ ಅದಕ್ಕೆ ಸಹಾಯ ಮಾಡುತ್ತದೆ. ಸೊಪ್ಪಿನ ಪಲ್ಯದ ಮೇಲೆ ಅರ್ಧ ನಿಂಬೆ ಹಿಂಡಿಕೊಳ್ಳುತ್ತೇನೆ. ಆಗಾಗ ಅಮ್ಮಿ ಕಲೇಜಿ ಮಾಡುತ್ತಾರೆ. ಅದರಲ್ಲಿರುವ ಕಬ್ಬಿಣಾಂಶ ಸೊಪ್ಪಿನದಕ್ಕಿಂತ ಸುಲಭವಾಗಿ ದೇಹಕ್ಕೆ ಹತ್ತುತ್ತದೆ.

ನಮ್ಮದು ಭದ್ರಾ ನಾಲೆಯ ಸೀಮೆ, ಅನ್ನಕ್ಕೆ ಕೊರತೆಯಿಲ್ಲ. ನಮ್ಮ ತಟ್ಟೆಯ ಮುಕ್ಕಾಲು ಭಾಗ ಅನ್ನವೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದೇನೆಂದರೆ, ದಿನದ ಕ್ಯಾಲೊರಿಯಲ್ಲಿ ಧಾನ್ಯಗಳ ಪಾಲು ಶೇ. 45 ಮೀರದಿರಲಿ, ಉಳಿದದ್ದು ಬೇಳೆಕಾಳು, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮಾಂಸ, ಎಣ್ಣೆಬೀಜಗಳಿಂದ ಬರಲಿ. ನಾನು ಎರಡನೇ ಸಲ ಬಡಿಸಿಕೊಳ್ಳುವ ಅನ್ನದಲ್ಲಿ ಅರ್ಧ ಬಿಟ್ಟು, ಆ ಜಾಗಕ್ಕೆ ದಾಲ್ ಮತ್ತು ಪಲ್ಯ ಹಾಕಿಕೊಂಡೆ. ಹೊಟ್ಟೆ ತುಂಬುತ್ತದೆ, ಹಸಿವಾಗುವುದಿಲ್ಲ.

ಬಿಟ್ಟದ್ದೇನು? ದಿನಾ ಸಂಜೆ ಬಸ್ ಸ್ಟ್ಯಾಂಡಿನ ಬಳಿ ತಿನ್ನುತ್ತಿದ್ದ ಮಿರ್ಚಿ ವಾರಕ್ಕೊಮ್ಮೆ ಆಯಿತು. ಮೂರು ಸಕ್ಕರೆ ಚಹಾ ಒಂದಾಯಿತು. ಬೇಕರಿ ಪಫ್ಸ್ ನಿಂತಿತು. ಮಂಡಕ್ಕಿಯನ್ನು ಬಿಡಲಿಲ್ಲ. ನಮ್ಮ ಮಾಮೂ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲೇ ದುಡಿಯುವವರು, ಬಿಟ್ಟರೆ ಸುಮ್ಮನಿರುತ್ತಾರೆಯೇ! ಆದರೆ ಈಗ ಅದು ಊಟದ ಬದಲಿಗೆ ಅಲ್ಲ. ಶೇಂಗಾ, ಈರುಳ್ಳಿ, ಟೊಮೆಟೊ, ನಿಂಬೆರಸ ಸೇರಿಸಿ ಸಂಜೆಯ ತಿಂಡಿ. ಬೆಣ್ಣೆ ದೋಸೆ ತಿಂಗಳಿಗೆ ಒಂದೆರಡು ಸಲ, ಖುಷಿಯಿಂದ.

ಓಟವೂ ಬದಲಾಯಿತು. ಮೊದಲು ಪ್ರತಿದಿನ ಜೀವ ಬಿಟ್ಟು ಓಡುತ್ತಿದ್ದೆ. ಈಗ ವಾರಕ್ಕೆ ನಾಲ್ಕು ದಿನ. ಮೂರು ದಿನ ಪಕ್ಕದವಳ ಜೊತೆ ಮಾತನಾಡುತ್ತಾ ಓಡಬಹುದಾದಷ್ಟು ನಿಧಾನವಾಗಿ 20 ನಿಮಿಷ. ಒಂದು ದಿನ ಮಾತ್ರ ವೇಗ: 200 ಮೀಟರ್ ಓಡಿ, ಎರಡು ನಿಮಿಷ ನಡೆದು, ಹೀಗೆ ಐದು ಸಲ. ಉಳಿದ ದಿನ ವಿಶ್ರಾಂತಿ. ರಂಜಾನ್ ತಿಂಗಳಲ್ಲಿ ವೇಗದ ಓಟ ಪೂರ್ತಿ ನಿಲ್ಲಿಸಿ ಇಫ್ತಾರ್ ಆದ ಮೇಲೆ ನಡಿಗೆ ಮಾತ್ರ ಮಾಡಿದೆ. ಸೆಹ್ರಿ ತಪ್ಪಿಸಲಿಲ್ಲ. ರೋಜಾ ಇರುವುದು ಇಬಾದತ್‌ಗೆ, ತೂಕ ಇಳಿಸುವುದಕ್ಕಲ್ಲ ಎಂದು ದಾದಿ ಹೇಳಿದ್ದು ಸರಿಯೆನಿಸಿತು. ಈದ್ ಆದ ಮೇಲೆ ಎರಡೇ ವಾರದಲ್ಲಿ ಹಳೆಯ ವೇಗ ವಾಪಸ್ ಬಂತು.

ಒಂದು ಸಲಕ್ಕೆ ಒಂದು ಗುರಿ

ವೈದ್ಯೆ ಹೇಳಿದ ಇನ್ನೊಂದು ಮಾತು: ಮೊದಲು ರಕ್ತ, ಆಮೇಲೆ ಓಟ, ಕೊನೆಗೆ ತೂಕ. ನಮ್ಮದು ಇನ್ನೂ ಬೆಳೆಯುವ ವಯಸ್ಸು. ವೈದ್ಯರನ್ನು ಕೇಳದೆ ಪಥ್ಯ ಮಾಡಬಾರದು. ದೊಡ್ಡವರಿಗೂ ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು ಎನ್ನುತ್ತಾರೆ. ಹಾಗಾಗಿ ತೂಕ ನೋಡುವುದನ್ನು ತಿಂಗಳಿಗೊಮ್ಮೆ ಮಾಡಿದೆ. ಅದರ ಬದಲು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ವಿಷಯ ಬರೆಯುತ್ತೇನೆ: ನಿದ್ದೆ ಎಷ್ಟು ಗಂಟೆ, ನಾಷ್ಟಾ ಆಯಿತೇ, ಓಡುವಾಗ ಹೇಗನಿಸಿತು, ಮುಟ್ಟಿನ ದಿನಾಂಕ.

ಡಿಸೆಂಬರ್ ಕೊನೆಗೆ ಹಿಮೋಗ್ಲೋಬಿನ್ 12.1ಕ್ಕೆ ಬಂತು, ಮುಟ್ಟು ಸರಿಯಾಯಿತು. ಕಳೆದ ತಿಂಗಳು ದಾವಣಗೆರೆಯ ಜಿಲ್ಲಾ ಕ್ರೀಡಾಂಗಣದಲ್ಲಿ ಪಿ.ಇ. ಮೇಡಂ ಗಡಿಯಾರ ಹಿಡಿದು ನಿಂತಾಗ 400 ಮೀಟರನ್ನು 1 ನಿಮಿಷ 52 ಸೆಕೆಂಡಿನಲ್ಲಿ ಮುಗಿಸಿದೆ. ತೂಕ 64 ಕೆ.ಜಿ. ಹೋದ ಆಗಸ್ಟಿನಲ್ಲಿ 2 ನಿಮಿಷ 34 ಸೆಕೆಂಡು ತೆಗೆದುಕೊಂಡ ದಿನವೂ ಅಷ್ಟೇ ಇತ್ತು! ತೂಕದ ಯಂತ್ರಕ್ಕೆ ಆ ಹುಡುಗಿಯೂ ಈ ಹುಡುಗಿಯೂ ಒಂದೇ. ಗಡಿಯಾರಕ್ಕೆ ಮಾತ್ರ ವ್ಯತ್ಯಾಸ ಗೊತ್ತಾಯಿತು.

ಗೆಳತಿಯರೇ, ಗೆಳೆಯರೇ, ನಮ್ಮ ತರಗತಿಯಲ್ಲಿ ಈಗಲೂ ಡಬ್ಬಿ ತೆರೆಯದೆ ವಾಪಸ್ ಒಯ್ಯುವವರಿದ್ದಾರೆ. ಪೊಲೀಸ್, ಸೈನ್ಯ ಎಂದು ಖಾಲಿ ಹೊಟ್ಟೆಯಲ್ಲಿ ಓಡುವ ಹುಡುಗರೂ ಇದ್ದಾರೆ. ತಲೆ ಸುತ್ತುವುದು, ಉಸಿರು ಸಾಲದಿರುವುದು, ಓಟ ದಿನೇ ದಿನೇ ನಿಧಾನವಾಗುವುದು ಕಂಡರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲೂ ಮಾಡುತ್ತಾರೆ. ನಾವು ನಾಲ್ಕು ಜನ ಹುಡುಗಿಯರು ಬುಧವಾರ, ಶನಿವಾರ ಕಾಲೇಜು ಬಿಟ್ಟ ಮೇಲೆ ಪಿ.ಇ. ಮೇಡಂ ಜೊತೆ ಓಡುತ್ತೇವೆ. ಬರುವವರು ಬನ್ನಿ. ಮಧ್ಯಾಹ್ನದ ಡಬ್ಬಿ ಖಾಲಿ ಮಾಡಿ ಬನ್ನಿ.