ಮಾರಿಸ್ ಮೈನರ್‌ಗೆ ಹೊಸ ಕಿಡಿ

ಬ್ರಿಟನ್ನಿನಲ್ಲಿ ಹಳೆಯ ಕಾರೆಂದರೆ ಗುಜರಿಯ ಸಾಮಾನಲ್ಲ. ತಯಾರಾಗಿ ನಲವತ್ತು ವರ್ಷ ದಾಟಿದ ವಾಹನಕ್ಕೆ ಇಲ್ಲಿ ರಸ್ತೆ ತೆರಿಗೆಯಿಂದ ವಿನಾಯಿತಿ ಪಡೆಯಬಹುದು. ಮೂಲ ರೂಪವನ್ನು ಬಹುವಾಗಿ ಬದಲಿಸದಿದ್ದರೆ, 2018ರಿಂದೀಚೆಗೆ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಆದರೆ ಅದನ್ನು ರಸ್ತೆಗೆ ಯೋಗ್ಯವಾಗಿಡುವ ಹೊಣೆ ಪೂರ್ತಿಯಾಗಿ ಮಾಲೀಕನದು. ಭಾನುವಾರದ ಬೆಳಗ್ಗೆ ಬಾನೆಟ್ ಎತ್ತಿ, ಬಗ್ಗಿ ನಿಂತವರು ಹಲವು ಬೀದಿಗಳಲ್ಲಿ ಕಾಣಸಿಗುತ್ತಾರೆ. ಕೊವೆಂಟ್ರಿಯ ನಮ್ಮ ಬೀದಿಯಲ್ಲಿ ಹಾಗೆ ನಿಲ್ಲುವವನು ನಾನು. ನನ್ನದು 1967ರ ಮಾರಿಸ್ ಮೈನರ್ 1000.

1948ರಲ್ಲಿ ಮಾರುಕಟ್ಟೆಗೆ ಬಂದ ಈ ದುಂಡು ಮೈಯ ಪುಟ್ಟ ಕಾರನ್ನು ರೂಪಿಸಿದವರು ಅಲೆಕ್ ಇಸಿಗೊನಿಸ್. ಮುಂದೆ ಮಿನಿ ಕಾರನ್ನು ಕೊಟ್ಟವರೂ ಅವರೇ. ಇದೇ ಮಾರಿಸ್ ಮನೆತನದ ಆಕ್ಸ್‌ಫರ್ಡ್ ಮೂರನೆಯ ಮಾದರಿ ಬಂಗಾಳಕ್ಕೆ ಹೋಗಿ ಅಂಬಾಸಡರ್ ಆಯಿತು. ಹಾಸನದಲ್ಲಿ ಇಪ್ಪತ್ತಾರು ವರ್ಷ ಅಂಬಾಸಡರ್ ಟ್ಯಾಕ್ಸಿ ಓಡಿಸಿದ ನನ್ನ ತಂದೆಗೆ ಆದ್ದರಿಂದ ನನ್ನ ಕಾರು ಪರಕೀಯವೆನಿಸಲಿಲ್ಲ. ಚಿತ್ರ ಕಳುಹಿಸಿದಾಗ ಅವರು ಬೆಲೆ ಕೇಳಲಿಲ್ಲ. “ಸಿ.ಬಿ. ಪಾಯಿಂಟ್ ಗ್ಯಾಪ್ ಎಷ್ಟಿಟ್ಟಿದೀಯ?” ಎಂದರು.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯನ್ನು ಓಡಿಸಿದವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಬ್ಯಾಟರಿಯ 12 ವೋಲ್ಟ್‌ನಿಂದ ಪ್ಲಗ್ಗಿನಲ್ಲಿ ಕಿಡಿ ಹಾರದು. ಅದಕ್ಕೆ ಸಾವಿರಾರು ವೋಲ್ಟ್ ಬೇಕು. ಕಾಯಿಲ್‌ನೊಳಗೆ ಹರಿಯುತ್ತಿರುವ ವಿದ್ಯುತ್ತನ್ನು ಥಟ್ಟನೆ ಕಡಿದಾಗ ಆ ಒತ್ತಡ ಹುಟ್ಟುತ್ತದೆ. ಹಾಗೆ ಕಡಿಯುವ ಕೆಲಸ ಡಿಸ್ಟ್ರಿಬ್ಯೂಟರಿನೊಳಗಿನ ಎರಡು ಪುಟ್ಟ ಟಂಗ್‌ಸ್ಟನ್ ಮುಖಗಳದು, ಅವೇ ಪಾಯಿಂಟುಗಳು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಅವು ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚಬೇಕು. ತೆರೆದಾಗ ನಡುವಿನ ಅಂತರ ನನ್ನ ಕಾರಿನಲ್ಲಿ 0.35ರಿಂದ 0.40 ಮಿಲಿಮೀಟರ್ ಇರಬೇಕು. ದಿನ ಕಳೆದಂತೆ ಮುಖಗಳು ಸುಟ್ಟು ಕುಳಿ ಬೀಳುತ್ತವೆ. ಕ್ಯಾಮಿಗೆ ಉಜ್ಜುವ ಹಿಮ್ಮಡಿ ಸವೆಯುತ್ತದೆ, ಅಂತರ ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ. ಎಂಜಿನ್ ಇಷ್ಟಿಷ್ಟೇ ಮಂಕಾಗುವುದರಿಂದ ದಿನವೂ ಓಡಿಸುವವನಿಗೆ ಅದು ತಿಳಿಯುವುದೇ ಇಲ್ಲ.

ಪ್ರತಿ 3000 ಮೈಲಿಗೊಮ್ಮೆ ಫೀಲರ್ ಗೇಜ್ ಹಿಡಿದು ಕೂರುವುದು ನನಗೆ ಬೇಸರದ ಕೆಲಸವಾಗಿರಲಿಲ್ಲ. ಅಗ್ಗದ ಕೆಲಸವಂತೂ ಹೌದು. ಊರಿನ ಹಾಗೆ ಬಸ್‌ಸ್ಟ್ಯಾಂಡಿನ ಪಕ್ಕದ ಶೆಡ್ಡಿಗೆ ಒಯ್ದು ಚಹಾ ಮುಗಿಯುವುದರೊಳಗೆ ಸರಿಮಾಡಿಸಿಕೊಳ್ಳುವ ಸೌಕರ್ಯ ಇಲ್ಲಿಲ್ಲ. ನನಗೆ ಹತ್ತಿರದ ಗ್ಯಾರೇಜಿನಲ್ಲಿ ಗಂಟೆಗೆ 80 ಪೌಂಡ್ ಕೂಲಿ. ವಿದೇಶಕ್ಕೆ ಹೊರಡುವವರು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಜೊತೆಗೆ ಒಂದು ಸ್ಪ್ಯಾನರ್ ಸೆಟ್ಟನ್ನೂ ತರಲೆಂದು ನಾನು ತಮಾಷೆಗೆ ಹೇಳುವುದಿಲ್ಲ.

ಮನಸ್ಸು ಬದಲಾದದ್ದು ಕಳೆದ ನವೆಂಬರಿನಲ್ಲಿ. ಲೆಸ್ಟರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಮಗಳು ರಾತ್ರಿ ಮಳೆಯಲ್ಲಿ ಈ ಕಾರಿನಲ್ಲಿ ಮನೆಗೆ ಬರುತ್ತಿದ್ದಳು. ದೊಡ್ಡ ವೃತ್ತವೊಂದರ ನಡುವೆ ಎಂಜಿನ್ ಸತ್ತಿತು. ಆ ಕಾಲದ ಕಾರಿಗೆ ನಾಲ್ಕೂ ದೀಪ ಒಟ್ಟಿಗೆ ಮಿನುಗಿಸುವ ಅನುಕೂಲವಿಲ್ಲ. ಹಿಂದಿನಿಂದ ಬಂದ ಲಾರಿ ಹಾರ್ನ್ ಮಾಡುತ್ತ ಪಕ್ಕಕ್ಕೆ ಸರಿದು ಹೋಯಿತಂತೆ. ಅವಳು ಕೆಳಗಿಳಿದು ಹುಲ್ಲಿನ ದಿಣ್ಣೆಯ ಮೇಲೆ ಮುಕ್ಕಾಲು ಗಂಟೆ ನೆನೆಯುತ್ತ ನಿಂತಳು. ನೆರವಿಗೆ ಬಂದ ಹಿರಿಯ ಮೆಕ್ಯಾನಿಕ್ ಪಾಯಿಂಟುಗಳನ್ನು ಉಜ್ಜಿ, ತನ್ನ ಪೆಟ್ಟಿಗೆಯಲ್ಲಿದ್ದ ಹಳೆಯ ಕಂಡೆನ್ಸರೊಂದನ್ನು ಹೊರಗಡೆಯೇ ಕಾಯಿಲ್‌ಗೆ ಸಿಕ್ಕಿಸಿ ಕಳುಹಿಸಿದ. ಸತ್ತಿದ್ದ ಕಂಡೆನ್ಸರಿಗೆ ಆರು ವಾರವೂ ಆಗಿರಲಿಲ್ಲ. ಹೊಸ ಬಿಡಿಭಾಗಗಳಿಗಿಂತ ಐವತ್ತು ವರ್ಷದ ಹಳೆಯವು ಹೆಚ್ಚು ಬಾಳುವುದು ಈ ಕಾರಿನವರು ದಿನವೂ ಆಡುವ ಮಾತು.

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವೆನೆಂದಾಗ ತಂದೆ ಒಪ್ಪಲಿಲ್ಲ. “ಪಾಯಿಂಟ್ ಕೆಟ್ರೆ ಬೆಂಕಿಪೊಟ್ಟಣದ ಮಗ್ಗುಲಿಗೆ ಉಜ್ಜಿ ಮನೆ ಸೇರ್ಬಹುದು ಕಣೋ. ನಿನ್ನ ಆ ಕಪ್ಪು ಪೆಟ್ಟಿಗೆ ಕೆಟ್ರೆ ಏನ್ ಉಜ್ತೀಯ?” ಶಿರಾಡಿ ಘಾಟಿಯ ಮಳೆಯಲ್ಲಿ ಬಾಡಿಗೆದಾರರನ್ನು ಕೂರಿಸಿಕೊಂಡು ಹಾಗೆಯೇ ಉಜ್ಜಿ ಮುಂದೆ ಸಾಗಿದವರು ಅವರು. ವಾದ ಸರಿಯಾದದ್ದೇ. ಪಾಯಿಂಟು ಮುನ್ಸೂಚನೆ ಕೊಟ್ಟು ಕೆಡುತ್ತದೆ; ಮಾಡ್ಯೂಲು ಒಮ್ಮೆಲೇ ಸಾಯುತ್ತದೆ. ಆದರೆ ಉಜ್ಜಲು ಬಲ್ಲವನು ಸ್ಟೀರಿಂಗಿನ ಹಿಂದೆ ಇರಬೇಕಲ್ಲ!

ಕಿಟ್‌ಗೆ 60 ಪೌಂಡ್ ಆಯಿತು. ಕೊಳ್ಳುವ ಮುನ್ನ ನೋಡಲೇಬೇಕಾದವು ಎರಡು. ಮೊದಲನೆಯದು, ಬ್ಯಾಟರಿಯ ಯಾವ ತುದಿ ಕಾರಿನ ಮೈಗೆ ಸೇರಿದೆ ಎಂಬುದು. ಇಂದಿನ ಕಾರುಗಳಲ್ಲಿ ನೆಗೆಟಿವ್. ನನ್ನ ಮೈನರ್‌ನಲ್ಲಿ ಪಾಸಿಟಿವ್. ಅದಕ್ಕೆ ಹೊಂದದ ಕಿಟ್ ತಂದು ಜೋಡಿಸಿದರೆ ಕೀಲಿ ತಿರುಗಿಸಿದೊಡನೆ ಸುಟ್ಟುಹೋಗಬಹುದು. ಎರಡನೆಯದು ಕಾಯಿಲ್‌ನ ಪ್ರತಿರೋಧ. ಸಾಮಾನ್ಯ 12 ವೋಲ್ಟ್ ಕಾಯಿಲ್‌ನಲ್ಲಿ ಅದು ಸುಮಾರು 3 ಓಮ್. ಅದರ ಅರ್ಧದಷ್ಟಿರುವ ಕಾಯಿಲ್‌ಗಳೂ ಇವೆ, ಅವುಗಳಲ್ಲಿ ವಿದ್ಯುತ್ತು ಅತಿಯಾಗಿ ಹರಿದು ಮಾಡ್ಯೂಲು ಬೇಯುತ್ತದೆ. ಮೀಟರಿನಲ್ಲಿ ನನ್ನದು 3.1 ತೋರಿಸಿತು.

ಜೋಡಣೆ ಒಂದೂವರೆ ಗಂಟೆಯ ಕೆಲಸ. ಪಾಯಿಂಟು, ಕಂಡೆನ್ಸರುಗಳನ್ನು ತೆಗೆದು ಆ ಜಾಗದಲ್ಲಿ ಮಾಡ್ಯೂಲನ್ನು ಕೂರಿಸಿ, ಕ್ಯಾಮಿನ ಮೇಲೆ ಅಯಸ್ಕಾಂತದ ಉಂಗುರ ತೊಡಿಸಿ, ಎರಡು ತಂತಿಗಳನ್ನು ಕಾಯಿಲ್‌ಗೆ ಸೇರಿಸಿದರಾಯಿತು. ಅಯಸ್ಕಾಂತ ಎದುರು ಹಾದಾಗಲೆಲ್ಲ ಮಾಡ್ಯೂಲು ವಿದ್ಯುತ್ತನ್ನು ಕಡಿಯುತ್ತದೆ. ಒಂದಕ್ಕೊಂದು ತಾಗುವುದಿಲ್ಲವಾದ್ದರಿಂದ ಸವೆತವಿಲ್ಲ. ಬಳಿಕ ಟೈಮಿಂಗ್ ಲೈಟ್ ಹಿಡಿದು ಕಿಡಿಯ ವೇಳೆಯನ್ನು ಹೊಸದಾಗಿ ಹೊಂದಿಸಿದೆ. ಮುಚ್ಚಳ ಹಾಕಿದರೆ ಹೊರನೋಟಕ್ಕೆ 1967ರ ಎಂಜಿನ್ನೇ. ಕಾರಿನ ಬಲ ಹೆಚ್ಚಿತೆಂದು ಹೇಳಲಾರೆ. ಮಾರುವವರು ಹಾಗೆ ಹೇಳುತ್ತಾರೆ. ಚಳಿಯ ಬೆಳಗ್ಗೆ ಮೊದಲ ತಿರುವಿಗೇ ಹೊತ್ತಿಕೊಳ್ಳುತ್ತದೆ, ನಿಂತಲ್ಲಿ ನಡುಗುವುದಿಲ್ಲ. ಎಂಜಿನ್ ನಿಂತಿರುವಾಗ ಕೀಲಿಯನ್ನು ಆನ್ ಇಟ್ಟು ರೇಡಿಯೋ ಕೇಳಬಾರದೆಂಬ ನಿಯಮವೊಂದು ಮನೆಗೆ ಹೊಸದಾಗಿ ಸೇರಿತು.

ತಂದೆಯ ಆಕ್ಷೇಪಕ್ಕೆ ಉತ್ತರವಾಗಿ ಹಳೆಯ ಪಾಯಿಂಟುಗಳು, ಒಂದು ಒಳ್ಳೆಯ ಕಂಡೆನ್ಸರ್, ಸ್ಕ್ರೂಡ್ರೈವರ್, ಫೀಲರ್ ಗೇಜ್ ಇರುವ ಬಿಸ್ಕತ್ತಿನ ಡಬ್ಬಿಯೊಂದು ಡಿಕ್ಕಿಯಲ್ಲಿದೆ. ಬಳಸಲು ಬಾರದಿದ್ದರೆ ಡಬ್ಬಿಯಿಂದ ಏನು ಪ್ರಯೋಜನವೆಂದು ಅವರು ಪಟ್ಟು ಹಿಡಿದರು. ಹೋದ ಶನಿವಾರ ವಿಡಿಯೋ ಕರೆಯಲ್ಲಿ ಹಾಸನದಿಂದ ತಾತ ಒಂದೊಂದೇ ಹೇಳಿದಂತೆ ಮೊಮ್ಮಗಳು ಮಾಡ್ಯೂಲು ಕಳಚಿ ಪಾಯಿಂಟು ಕೂರಿಸಿ ಎಂಜಿನ್ ಹೊತ್ತಿಸಿದಳು. ನಲವತ್ತು ನಿಮಿಷ ಹಿಡಿಯಿತು. “ಪರವಾಗಿಲ್ಲ ಪುಟ್ಟಿ, ನಂಗೆ ಹತ್ತು ನಿಮಿಷ ಸಾಕಾಗ್ತಿತ್ತು” ಎಂದರು. ಅವಳು ಮತ್ತೆ ಮಾಡ್ಯೂಲನ್ನು ಜೋಡಿಸಿ, ಡಬ್ಬಿಯನ್ನು ಡಿಕ್ಕಿಗೆ ಸೇರಿಸಿ, ಸಂಜೆಯ ಪಾಳಿಗೆ ಲೆಸ್ಟರಿನತ್ತ ಹೊರಟಳು.