ಕೋಳಿ ಸಾರಿಗೆ ಕೋಲಾ ಬೆರೆಸುವ ಮುನ್ನ

ಮಳೆ ಹಿಡಿದ ಭಾನುವಾರ. ಸಾಗರವಾಗಲಿ, ಹೊಸನಗರವಾಗಲಿ, ತೀರ್ಥಹಳ್ಳಿಯಾಗಲಿ, ಮಾಂಸದಡಿಗೆ ಮಾಡುವ ಮನೆಗಳಲ್ಲಿ ಅಂದು ಏನು ವಿಶೇಷ ಎಂದು ಕೇಳುವುದೇ ಬೇಡ. ಒಂದು ಒಲೆಯ ಮೇಲೆ ಕಡುಬು, ಇನ್ನೊಂದರ ಮೇಲೆ ಕೋಳಿ ಸಾರು. ಆದರೆ ಈಚೆಗೆ ಮಕ್ಕಳು ಮೊಬೈಲಿನಲ್ಲಿ ಏನೇನೋ ನೋಡಿಕೊಂಡು ಬಂದು, “ಅಮ್ಮಾ, ಈ ಸಲ ಕೋಲಾ ಹಾಕಿ ಚಿಕನ್ ಮಾಡಮ್ಮ” ಅಂತ ದುಂಬಾಲು ಬೀಳುತ್ತಾರೆ. “ಕುಡಿಯೋ ಬಾಟ್ಲಿನ ಸಾರಿಗೆ ಸುರೀತಾರಾ ಯಾರಾದ್ರೂ?” ಎಂದು ಅತ್ತೆಯವರು ಮೂಗು ಮುರಿಯುತ್ತಾರೆ. ನಡುವೆ ಸಿಕ್ಕಿಕೊಂಡವರು ನೀವು!

ಸೋದರಿಯರೇ, ಮಾಡಬಾರದೆಂದೇನೂ ಇಲ್ಲ. ಆದರೆ ಬಾಟಲಿಯ ಮುಚ್ಚಳ ತೆಗೆಯುವ ಮುನ್ನ ಅದರೊಳಗೆ ಏನಿದೆ, ಅದು ಕೋಳಿಗೆ ಏನು ಮಾಡುತ್ತದೆ, ನಿಮ್ಮ ಮನೆಯ ಪಂಕ್ತಿಯಲ್ಲಿ ಕೂರುವವರಲ್ಲಿ ಯಾರಿಗೆ ಆಗದು ಎಂಬುದನ್ನು ತಿಳಿದುಕೊಂಡರೆ ಒಳ್ಳೆಯದಲ್ಲವೇ?

ಹೊಸ ಹುಚ್ಚೇನೂ ಅಲ್ಲ

ಕೋಕಾ-ಕೋಲಾ ಹುಟ್ಟಿದ್ದು 1886ರಲ್ಲಿ, ಅಮೆರಿಕದ ಅಟ್ಲಾಂಟಾ ನಗರದಲ್ಲಿ. ಆ ದೇಶದ ದಕ್ಷಿಣ ಭಾಗದ ಹೆಂಗಸರು ಹಂದಿ ಮಾಂಸವನ್ನು ಕೋಲಾದಲ್ಲಿ ಬೇಯಿಸುವುದನ್ನು ಬಹಳ ಹಿಂದೆಯೇ ರೂಢಿಸಿಕೊಂಡರು. ಚೀನೀಯರ ಮನೆಗಳಲ್ಲಿ ಕೋಳಿಯ ರೆಕ್ಕೆಗಳನ್ನು ಸೋಯಾ ಸಾಸ್ ಮತ್ತು ಕೋಲಾದಲ್ಲಿ ಬೇಯಿಸುವುದು ಇಂದು ದಿನನಿತ್ಯದ ಅಡಿಗೆ.

ನಮ್ಮಲ್ಲಿ ಕೋಲಾದ ಕಥೆ ಸ್ವಲ್ಪ ಬೇರೆ. ವಿದೇಶಿ ವಿನಿಮಯ ಕಾಯಿದೆಯ ನಿಬಂಧನೆಗಳಿಗೆ ಒಪ್ಪದೆ ಕೋಕಾ-ಕೋಲಾ ಕಂಪನಿ 1977ರಲ್ಲಿ ದೇಶ ಬಿಟ್ಟು ಹೋಯಿತು. ಆಗ ಸರ್ಕಾರವೇ ‘ಡಬಲ್ ಸೆವೆನ್’ ಎಂಬ ಪಾನೀಯವನ್ನು ಹೊರತಂದಿತು. ಅದರ ಸೂತ್ರ ತಯಾರಾದದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಎಂಬುದು ಎಷ್ಟು ಜನಕ್ಕೆ ಗೊತ್ತು? ಅದೇ ಸುಮಾರಿಗೆ ಥಮ್ಸ್ ಅಪ್ ಕೂಡ ಬಂತು. ಕೋಕಾ-ಕೋಲಾ ಮತ್ತೆ ಬಂದದ್ದು 1993ರಲ್ಲಿ. ಅಲ್ಲಿಯವರೆಗೆ ನೆಂಟರು ಬಂದಾಗ ಮಾತ್ರ ಅಂಗಡಿಯಿಂದ ತರಿಸುತ್ತಿದ್ದ ಬಾಟಲಿ, ಈಗ ಎರಡು ಲೀಟರಿನ ಗಾತ್ರದಲ್ಲಿ ಫ್ರಿಜ್ಜಿನಲ್ಲೇ ಮನೆ ಮಾಡಿದೆ. ಅಡಿಗೆಗೆ ಇಳಿದದ್ದರಲ್ಲಿ ಆಶ್ಚರ್ಯವೇನು?

ಬಾಟಲಿಯೊಳಗೆ ಏನಿದೆ?

ಕೋಲಾ ಎಂದರೆ ಮುಖ್ಯವಾಗಿ ನೀರು, ಸಕ್ಕರೆ, ಹುಳಿ ಮತ್ತು ಗ್ಯಾಸು. ಕಂದು ಬಣ್ಣ ಬರುವುದು ಸಕ್ಕರೆಯನ್ನು ಕಾಯಿಸಿ ಮಾಡಿದ ಕ್ಯಾರಮೆಲ್‌ನಿಂದ. ಹುಳಿ ಬರುವುದು ಫಾಸ್ಫಾರಿಕ್ ಆಮ್ಲದಿಂದ. ಹುಳಿಯ ತೀಕ್ಷ್ಣತೆಯಲ್ಲಿ ಅದು ಲಿಂಬೆ ರಸಕ್ಕೆ ಹತ್ತಿರವೇ, ಸಕ್ಕರೆ ಅದನ್ನು ಮುಚ್ಚಿಡುತ್ತದೆ ಅಷ್ಟೆ. ಗ್ಯಾಸು ಬಿಸಿ ತಾಗುತ್ತಲೇ ಹಾರಿಹೋಗುತ್ತದೆ, ಕೋಳಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ನೀರು ಆರುತ್ತಾ ಬಂದಂತೆ ಸಕ್ಕರೆ ಪಾಕವಾಗಿ ತುಂಡುಗಳಿಗೆ ಅಂಟಿಕೊಳ್ಳುತ್ತದೆ. ಆ ಹೊಳಪು, ಆ ಸಿಹಿ-ಹುಳಿ-ಖಾರ ರುಚಿಯೇ ಮಕ್ಕಳಿಗೆ ಇಷ್ಟವಾಗುವುದು. ಆದರೆ “ಕೋಲಾ ಹಾಕಿದರೆ ಎಂಥ ಕೋಳಿಯೂ ಬೆಣ್ಣೆಯಾಗುತ್ತದೆ” ಎನ್ನುವುದನ್ನು ಪೂರ್ತಿ ನಂಬಬೇಡಿ. ಫಾರಂ ಕೋಳಿ ಹೇಗೂ ಮೆತ್ತಗೆ ಬೇಯುತ್ತದೆ. ಬಲಿತ ನಾಟಿ ಕೋಳಿಗೆ ಬೇಕಾದದ್ದು ಸಣ್ಣ ಉರಿ ಮತ್ತು ಸಮಯ. ಅದಕ್ಕೆ ಬೇರೆ ಉಪಾಯವಿಲ್ಲ.

ಕೋಲಾ ಕೋಳಿ

ಬೇಕಾಗುವ ಸಾಮಾನು: ಕೋಳಿ ಮಾಂಸ 1 ಕಿಲೋ, ಕೋಲಾ 250 ಮಿ.ಲೀ., ದೊಡ್ಡ ಈರುಳ್ಳಿ 2, ಶುಂಠಿ-ಬೆಳ್ಳುಳ್ಳಿ ಅರೆದದ್ದು 2 ಚಮಚ, ಬ್ಯಾಡಗಿ ಮೆಣಸಿನಕಾಯಿ 8, ಕಾಳುಮೆಣಸು 1 ಚಮಚ, ಕೊತ್ತಂಬರಿ ಬೀಜ 2 ಚಮಚ, ಲವಂಗ 3, ಚಕ್ಕೆ ಒಂದು ಸಣ್ಣ ತುಂಡು, ಅರಿಸಿನ ಅರ್ಧ ಚಮಚ, ಲಿಂಬೆ ಅರ್ಧ ಹೋಳು, ಎಣ್ಣೆ 3 ದೊಡ್ಡ ಚಮಚ, ರುಚಿಗೆ ಉಪ್ಪು.

ಮಾಡುವ ವಿಧಾನ: ಮಾಂಸಕ್ಕೆ ಉಪ್ಪು, ಅರಿಸಿನ, ಲಿಂಬೆ ರಸ ಸವರಿ ಅರ್ಧ ಗಂಟೆ ಇಡಿ. ಮೆಣಸಿನಕಾಯಿ ಮತ್ತು ಸಂಬಾರ ಜೀನಸುಗಳನ್ನು ಹದವಾಗಿ ಹುರಿದು ನುಣ್ಣಗೆ ಅರೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಈರುಳ್ಳಿ ಕೆಂಪಗಾಗುವವರೆಗೆ ಹುರಿದು, ಶುಂಠಿ-ಬೆಳ್ಳುಳ್ಳಿ ಹಾಕಿ, ಹಸಿ ವಾಸನೆ ಹೋದ ಮೇಲೆ ಮಾಂಸ ಹಾಕಿ ಏಳೆಂಟು ನಿಮಿಷ ಜೋರು ಉರಿಯಲ್ಲಿ ಕೈಯಾಡಿಸಿ. ಅರೆದ ಮಸಾಲೆ ಸೇರಿಸಿ. ಈಗ ಕೋಲಾವನ್ನು ನಿಧಾನವಾಗಿ ಸುರಿಯಿರಿ. ನೊರೆ ಉಕ್ಕಿ ಬರುತ್ತದೆ, ಗಾಬರಿ ಬೇಡ, ತಾನೇ ಇಳಿಯುತ್ತದೆ. ಬೇರೆ ನೀರು ಹಾಕಬೇಡಿ. ಮಧ್ಯಮ ಉರಿಯಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿ. ಕೊನೆಯ ಐದಾರು ನಿಮಿಷ ಪಾತ್ರೆಯ ಬಳಿಯಿಂದ ಕದಲಬೇಡಿ. ರಸ ಗಟ್ಟಿಯಾದಂತೆ ಸಕ್ಕರೆ ತಳ ಹಿಡಿದು ಕಹಿಯಾಗುತ್ತದೆ. ಅಕ್ಕಿ ರೊಟ್ಟಿಗೆ ಬಹಳ ಚೆನ್ನ.

ನಾಟಿ ಕೋಳಿಯಾದರೆ ಮೊದಲು ಉಪ್ಪು, ಅರಿಸಿನ ಹಾಕಿದ ನೀರಿನಲ್ಲಿ ಮೆತ್ತಗೆ ಬೇಯಿಸಿಕೊಂಡು, ನೀರು ಇಂಗಿದ ಮೇಲೆ ಕೋಲಾ ಹಾಕಿ.

ಇಲ್ಲಿ ಎಚ್ಚರ ತಪ್ಪಬೇಡಿ

1. ಬಣ್ಣ ನೋಡಿ ಬೆಂದಿದೆ ಎಂದುಕೊಳ್ಳಬೇಡಿ. ಕೋಲಾ ಹತ್ತೇ ನಿಮಿಷದಲ್ಲಿ ತುಂಡುಗಳಿಗೆ ಕಂದು ಬಣ್ಣ ಕೊಡುತ್ತದೆ, ಮೂಳೆಯ ಹತ್ತಿರ ಇನ್ನೂ ಹಸಿ ಇರುತ್ತದೆ. ಅರೆಬೆಂದ ಕೋಳಿಯಿಂದ ವಾಂತಿ-ಭೇದಿ ಬರುವುದುಂಟು. ದಪ್ಪ ತುಂಡೊಂದನ್ನು ಮೂಳೆಯವರೆಗೆ ಸೀಳಿ ನೋಡಿ. ಒಳಗಿನ ರಸ ಕೆಂಪಗಿರದೆ ತಿಳಿಯಾಗಿರಬೇಕು. ಅಡಿಗೆಯ ಉಷ್ಣಮಾಪಕ ಇದ್ದರೆ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು.

2. ಕುಕ್ಕರಿನಲ್ಲಿ ಮಾಡಬೇಡಿ. ನೊರೆ ಉಕ್ಕಿ ಹಬೆಯ ದಾರಿ ಕಟ್ಟಿಕೊಳ್ಳಬಹುದು, ಪಾಕ ತಳ ಹಿಡಿದರೂ ತಿಳಿಯುವುದಿಲ್ಲ.

3. ಅಲ್ಯುಮಿನಿಯಂ ಪಾತ್ರೆಯೂ ಬೇಡ, ಕಲಾಯಿ ಹೋದ ಹಿತ್ತಾಳೆಯೂ ಬೇಡ. ಹುಳಿ ಅಡಿಗೆಗೆ ಮಣ್ಣಿನ ಮಡಕೆ ಅಥವಾ ಸ್ಟೀಲ್ ಪಾತ್ರೆಯೇ ಸರಿ.

4. ಸಕ್ಕರೆಯಿಲ್ಲದ ‘ಡಯಟ್’ ಕೋಲಾ ಹಾಕಿದರೆ ಪಾಕ ಬರುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಬಳಸುವ ಆಸ್ಪರ್ಟೇಮ್ ಕಾಯಿಸಿದಷ್ಟೂ ಸಿಹಿ ಕಳೆದುಕೊಳ್ಳುತ್ತದೆ.

ಸಕ್ಕರೆಯ ಲೆಕ್ಕ

ಕೋಲಾದ 100 ಮಿ.ಲೀ.ಯಲ್ಲಿ ಹೆಚ್ಚುಕಡಿಮೆ 10 ಗ್ರಾಂ ಸಕ್ಕರೆ ಇರುತ್ತದೆ. ನಿಮ್ಮ ಬಾಟಲಿಯ ಚೀಟಿಯಲ್ಲಿ ಎಷ್ಟಿದೆ ನೋಡಿಕೊಳ್ಳಿ. ಅಂದರೆ 250 ಮಿ.ಲೀ.ಗೆ ಸುಮಾರು 25 ಗ್ರಾಂ. ಐದು ಜನ ಊಟಕ್ಕೆ ಕೂತರೆ ತಲೆಗೆ 5 ಗ್ರಾಂ, ಒಂದು ಚಹದ ಚಮಚದಷ್ಟು. ಆರೋಗ್ಯವಂತರಿಗೆ ಅಪರೂಪಕ್ಕೆ ಇದು ಭಾರವಲ್ಲ. ಆದರೆ ಕೆಲವರು ಹೇಳುವಂತೆ ಮುಕ್ಕಾಲು ಲೀಟರು ಸುರಿದರೆ? ತಲೆಗೆ ಮೂರು ಚಮಚ! ಅದಲ್ಲದೆ ಉಳಿದ ಬಾಟಲಿಯನ್ನು ಊಟದ ಜೊತೆ ಲೋಟಕ್ಕೆ ಬಗ್ಗಿಸಿ ಕುಡಿದರೆ? ಒಂದು ಲೋಟಕ್ಕೆ ಇನ್ನೂ 20-25 ಗ್ರಾಂ. ಅಡಿಗೆಗೆ ಹಾಕಿದ್ದಕ್ಕಿಂತ ಈ ಲೋಟವೇ ಹೆಚ್ಚು ತೊಂದರೆ ಕೊಡುವಂಥದು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ದೊಡ್ಡವರು ಮೇಲಿಂದ ಸೇರಿಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಬೆಳಗಿನಿಂದ ಎರಡು ಲೋಟ ಸಿಹಿ ಕಾಫಿ ಆಗಿಯೇ ಇರುತ್ತದಲ್ಲ, ನೀವೇ ಕೂಡಿಸಿ ನೋಡಿ.

ಮನೆಯಲ್ಲಿ ಮಾವನವರಿಗೋ ಅತ್ತೆಯವರಿಗೋ ಸಕ್ಕರೆ ಕಾಯಿಲೆ ಇದ್ದರೆ ಒಂದು ಮಾತು ನೆನಪಿಡಿ: ಹೇಳದೆ ಬಡಿಸಬೇಡಿ. ಸಾರು ಖಾರವಾಗಿರುತ್ತದೆ, ಒಳಗಿರುವ ಸಕ್ಕರೆ ನಾಲಿಗೆಗೆ ಗೊತ್ತಾಗುವುದಿಲ್ಲ. ಸಿಹಿ ತಿಂಡಿಯಾದರೆ ಅವರೇ ಬೇಡ ಎನ್ನುತ್ತಾರೆ, ಕೋಳಿ ಸಾರನ್ನು ಯಾರು ಅನುಮಾನಿಸುತ್ತಾರೆ? ಅದರ ಮೇಲೆ ನಾಲ್ಕು ಕಡುಬು ಸೇರಿದರೆ ಕೇಳುವುದೇ ಬೇಡ. ಕೋಲಾ ಹಾಕುವ ಮುಂಚೆಯೇ ಅವರ ಪಾಲನ್ನು ಬೇರೆ ಪಾತ್ರೆಗೆ ತೆಗೆದು, ಸ್ವಲ್ಪ ನೀರು ಹಾಕಿ ಬೇಯಿಸಿ, ಕೊನೆಗೆ ಲಿಂಬೆ ಹಿಂಡಿ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರಿಗಂತೂ ಕೋಲಾದ ಫಾಸ್ಫೇಟ್ ಆಗದು. ಅವರಿಗೆ ಇದನ್ನು ಬಡಿಸಲೇಬೇಡಿ.

ನಮ್ಮ ಕಾಡಿನ ತಂಪು ಪಾನೀಯ

ಸಿಹಿ-ಹುಳಿಗೆ ಬಾಟಲಿಯೇ ಬೇಕೆಂದಿಲ್ಲ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಕೆಂಪಗೆ ಹಣ್ಣಾಗುವ ಮುರುಗಲು ಇಲ್ಲವೇ? ತುಳುನಾಡಿನವರು ಪುನರ್ಪುಳಿ ಎನ್ನುವುದೂ ಇದನ್ನೇ. ಬೇಸಿಗೆಯಲ್ಲಿ ಬಂದವರಿಗೆ ಪಾನಕ ಮಾಡಿಕೊಟ್ಟು ಉಳಿದ ಸಿಪ್ಪೆಯನ್ನು ಒಣಗಿಸಿ ಭರಣಿಗೆ ತುಂಬುತ್ತೀರಲ್ಲ, ಅದೇ ಸಾಕು. ಅದರ ದಾಯಾದಿ ಉಪ್ಪಾಗೆ ಮಳೆಗಾಲದಲ್ಲೇ ಹಣ್ಣಾಗುವುದರಿಂದ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸುವುದು ರೂಢಿ. ಮೈ ತೂಕ ಇಳಿಸುವ ಮಾತ್ರೆಗೆಂದು ಅದಕ್ಕೆ ಬೇಡಿಕೆ ಬಂದು, ವ್ಯಾಪಾರಿಗಳು ಮೂಟೆಗಟ್ಟಲೆ ಕೊಂಡದ್ದೂ ಉಂಟು. ಪೇಟೆಗೆ ಬೇಕಾದ ಹುಳಿ ನಮ್ಮ ಅಡಿಗೆಮನೆಗೆ ಬೇಡವಾಗಬೇಕೇ?

ಮುರುಗಲ ಪಾನಕದ ಕೋಳಿ

ಮೇಲಿನ ಅಳತೆಯಲ್ಲೇ ಕೋಳಿ, ಮಸಾಲೆ ತೆಗೆದುಕೊಳ್ಳಿ. ಲಿಂಬೆ ಮತ್ತು ಕೋಲಾ ಬೇಡ. ಒಣ ಮುರುಗಲ ಸಿಪ್ಪೆ ಎಂಟು-ಹತ್ತನ್ನು ಒಂದು ದೊಡ್ಡ ಲೋಟ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಹಿಂಡಿ, ಒಂದು ದೊಡ್ಡ ಚಮಚ ಬೆಲ್ಲದ ಪುಡಿ ಕರಗಿಸಿ ಸೋಸಿಕೊಳ್ಳಿ. ಮಾಂಸ ಹುರಿದು ಮಸಾಲೆ ಹಾಕಿದ ಮೇಲೆ ಸ್ವಲ್ಪ ನೀರಿನಲ್ಲಿ ಮುಕ್ಕಾಲು ಪಾಲು ಬೇಯಿಸಿ, ಆಮೇಲೆ ಈ ಪಾನಕ ಸುರಿದು ರಸ ತುಂಡಿಗೆ ಹಿಡಿಯುವಂತೆ ಕುದಿಸಿ. ಇಳಿಸುವಾಗ ಒಂದು ಚಮಚ ಕೊಬ್ಬರಿ ಎಣ್ಣೆ, ನಾಲ್ಕು ಎಸಳು ಕರಿಬೇವು. ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿದ್ದರೆ ಅಡಿಗೆಗೆ ಉಪ್ಪು ಕಡಿಮೆ ಮಾಡಿ.

ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಹಾಕದೆ ಮಾಡಿದರೂ ಇದು ಕೆಡುವುದಿಲ್ಲ, ಹುಳಿ-ಖಾರದ ಸಾರಾಗುತ್ತದೆ. ಕೋಲಾಕ್ಕೆ ಈ ಸೌಕರ್ಯವಿಲ್ಲ. ಅದರಲ್ಲಿ ಎಷ್ಟು ಸಿಹಿ ಇರಬೇಕೆಂದು ಕಾರ್ಖಾನೆಯವರು ತೀರ್ಮಾನಿಸಿಬಿಟ್ಟಿರುತ್ತಾರೆ. ಭರಣಿಯ ಹುಳಿಯಾದರೆ ಆ ತೀರ್ಮಾನ ನಿಮ್ಮ ಕೈಯಲ್ಲೇ ಇರುತ್ತದೆ.

ಮಕ್ಕಳ ಆಸೆಗೆ ಒಂದು ಭಾನುವಾರ ಕೋಲಾ ಕೋಳಿ ಮಾಡಿ, ಸಣ್ಣ ಬಾಟಲಿ ಒಂದೇ ಸಾಕು, ಕುಡಿಯಲು ಬೇರೆ ಬೇಡ. ಮುಂದಿನ ಭಾನುವಾರ ಹೆಸರು ಹೇಳದೆ ಮುರುಗಲ ಕೋಳಿ ಬಡಿಸಿ. ಯಾವ ಪಾತ್ರೆ ಮೊದಲು ಖಾಲಿಯಾಯಿತು ಎಂಬುದನ್ನು ನೋಡಿಕೊಂಡು, ಆಮೇಲೆ ನಿಮ್ಮ ಮನೆಯ ಪದ್ಧತಿ ನೀವೇ ಗೊತ್ತುಮಾಡಿಕೊಳ್ಳಿ.